ದಾವಣಗೆರೆಯಿಂದ ಮುಂಬೈಗೆ: ಮೂರು ದಾರಿಯಲ್ಲೂ ಹೋಗಿ ನೋಡಿದೆ

ಅಕ್ಕನ ಮನೆ ನವಿ ಮುಂಬೈನ ವಾಶಿಯಲ್ಲಿ. ಒಂದೇ ವರ್ಷದಲ್ಲಿ ಅಮ್ಮನನ್ನು ಮೂರು ಸಲ ಅಲ್ಲಿಗೆ ಕರೆದುಕೊಂಡು ಹೋದೆ, ಮೂರು ಸಲವೂ ಬೇರೆ ಬೇರೆ ದಾರಿ. ನಮ್ಮೂರಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಹಾಗಾಗಿ ಟಿಕೆಟ್ ಮೇಲಿನ ಹಾರಾಟದ ಸಮಯ ನಂಬಿದರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಮನೆಗೆ ಬೀಗ ಹಾಕಿದ ಹೊತ್ತಿನಿಂದ ಅಕ್ಕನ ಮನೆ ಬೆಲ್ ಒತ್ತುವ ತನಕ ನಾನು ಸಮಯ ಬರೆದಿಟ್ಟುಕೊಂಡೆ.

ಮೊದಲ ಸಲ ಬೆಂಗಳೂರಿನಿಂದ ವಿಮಾನ. ಹಾರಾಟ ಒಂದೂಮುಕ್ಕಾಲು ಗಂಟೆ ಅಷ್ಟೇ. ಆದರೆ ರಾತ್ರಿ 10ಕ್ಕೆ ಮನೆ ಬಿಟ್ಟು, 260 ಕಿ.ಮೀ. ಬಸ್ಸಿನಲ್ಲಿ ಕೂತು, ಬೆಳಗಿನ ಜಾವ 4ಕ್ಕೆ ಮೆಜೆಸ್ಟಿಕ್‌ನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ ಹತ್ತಿ ದೇವನಹಳ್ಳಿ ಕಡೆ ಹೋದೆವು. 8ರ ವಿಮಾನ. ವಾಶಿ ಮುಟ್ಟಿದಾಗ ಮಧ್ಯಾಹ್ನ 12. ಒಟ್ಟು 14 ಗಂಟೆ!

ಮ್ಯಾಪ್ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಮುಂಬೈ ನಮಗೆ ವಾಯವ್ಯಕ್ಕಿದೆ, ನೇರ ಗೆರೆ ಎಳೆದರೆ ಸುಮಾರು 600 ಕಿ.ಮೀ. ಬೆಂಗಳೂರು ಅದಕ್ಕೆ ಉಲ್ಟಾ, ಆಗ್ನೇಯಕ್ಕೆ. ಅಲ್ಲಿಂದ ಮುಂಬೈಗೆ ಸುಮಾರು 830 ಕಿ.ಮೀ. ರಾತ್ರಿಯಿಡೀ ಹಿಂದಕ್ಕೆ ಹೋಗಿ, ಬೆಳಗ್ಗೆ ಅಷ್ಟನ್ನೂ ಮತ್ತೆ ಹಾರಿ ಬಂದ ಹಾಗೆ, ಅಲ್ವಾ? ಸ್ವಂತ ಕಾರಿದ್ದರೆ ಒಂದು ಮಾತು: ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ. ಬೆಂಗಳೂರಿನ ಟ್ರಾಫಿಕ್ಕೇ ಸಿಗುವುದಿಲ್ಲ.

ಎರಡನೇ ಸಲ ಸ್ಲೀಪರ್ ಬಸ್. ಸಂಜೆ 5ಕ್ಕೆ ಹೊರಟು ಬೆಳಗಾವಿ, ಕೊಲ್ಲಾಪುರ, ಪುಣೆ ದಾಟಿ ಬೆಳಗ್ಗೆ 8ಕ್ಕೆ ವಾಶಿ. 15 ಗಂಟೆ. ವಿಮಾನಕ್ಕಿಂತ ಒಂದೇ ಗಂಟೆ ಜಾಸ್ತಿ, ಖರ್ಚು ತುಂಬಾ ಕಡಿಮೆ, ಇಳಿದ ಕಡೆಯಿಂದ ಅಕ್ಕನ ಮನೆ ಹತ್ತು ನಿಮಿಷ. ಅಮ್ಮ ಕಟ್ಟಿಕೊಂಡಿದ್ದ ದಿಂಬಿನಷ್ಟು ದೊಡ್ಡ ಮಂಡಕ್ಕಿ ಚೀಲವೂ ಕಾಲ ಬಳಿ ಉಬ್ಬಿದ ಹಾಗೇ ಇತ್ತು. ಹಿಂದಿನ ಸಲ ಅದು ವಿಮಾನದ ಲಗೇಜಿನಲ್ಲಿ ಅಪ್ಪಚ್ಚಿಯಾಗಿ, ಅರ್ಧ ಪುಡಿಯಾಗಿತ್ತು. ಆದರೆ ಅಮ್ಮನ ಮಂಡಿ ಹಿಡಿದುಕೊಂಡಿತು. ಮೇಲಿನ ಬರ್ತ್ ಸಿಕ್ಕಿತ್ತು, ಕೆಳಗಿಳಿಸಲು ಇಬ್ಬರು ಕೈ ಕೊಡಬೇಕಾಯಿತು. ಬರ್ತ್ ನೋಡದೆ ಬುಕ್ ಮಾಡಿದ್ದು ನನ್ನದೇ ತಪ್ಪು.

ಮೂರನೇ ಸಲ ಹುಬ್ಬಳ್ಳಿ. ಹರಿಹರ, ರಾಣೆಬೆನ್ನೂರು, ಹಾವೇರಿ ದಾಟಿ ಸುಮಾರು 150 ಕಿ.ಮೀ., ಎಲ್ಲವೂ ಮುಂಬೈ ದಿಕ್ಕಿಗೇ. ಬೆಳಗ್ಗೆ ತಿಂಡಿ ತಿಂದು 9ಕ್ಕೆ ಹೊರಟೆವು. ಗೋಕುಲ ರಸ್ತೆಯ ವಿಮಾನ ನಿಲ್ದಾಣ ಚಿಕ್ಕದು, ಅಮ್ಮ ಜಾಸ್ತಿ ನಡೆಯಬೇಕಾಗಲಿಲ್ಲ. ಹಾರಾಟ ಒಂದೂಕಾಲು ಗಂಟೆ. ಸಂಜೆ ನಾಲ್ಕೂವರೆಗೆ ಅಕ್ಕನ ಮನೆಯಲ್ಲಿ ಚಹಾ. ಏಳೂವರೆ ಗಂಟೆ, ಮೊದಲ ಸಲದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಂಡಕ್ಕಿಯನ್ನು ಈ ಸಲ ಕೈಚೀಲದಲ್ಲಿ ಇಟ್ಟುಕೊಂಡೆವು.

ಹುಬ್ಬಳ್ಳಿಯ ತೊಂದರೆ ಒಂದೇ. ಅಲ್ಲಿಂದ ವಿಮಾನಗಳು ಕಡಿಮೆ. ಒಂದು ತಪ್ಪಿದರೆ ಅವತ್ತಿನ ಮಟ್ಟಿಗೆ ಮುಗಿಯಿತು ಅನ್ನಿ. ಅದಕ್ಕೇ ರಸ್ತೆಗೆ ಒಂದು ಗಂಟೆ ಜಾಸ್ತಿ ಇಟ್ಟುಕೊಂಡು ಹೊರಡಿ. ಟಿಕೆಟ್ ಬೆಂಗಳೂರಿಗಿಂತ ದುಬಾರಿ ಕಂಡರೆ, ಬೆಂಗಳೂರಿನ ಬಸ್ ಚಾರ್ಜನ್ನೂ ಸೇರಿಸಿ ನೋಡಿ.

ಒಬ್ಬನೇ ಹೋಗುವುದಾದರೆ ನಾನು ಈಗಲೂ ಬಸ್ಸೇ ಹತ್ತುತ್ತೇನೆ. ಅಮ್ಮ ಮಾತ್ರ ಹೇಳಿಬಿಟ್ಟಿದ್ದಾರೆ, "ನನಗೆ ಹುಬ್ಬಳ್ಳಿಯಿಂದಲೇ ಮಾಡ್ಸಪ್ಪ." ದೀಪಾವಳಿಗೆ ಅಲ್ಲಿಂದಲೇ ಎರಡು ಟಿಕೆಟ್ ಮಾಡಿಸಿದ್ದೇನೆ.