ಸೀ ಫೇಸಿಂಗ್ ರೂಮಿಗೆ ಹಣ ಕಟ್ಟುವ ಮುನ್ನ

ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬಿದ ನೆಪದಲ್ಲಿ, ಕಳೆದ ಮೇ ತಿಂಗಳ ಕೊನೆಯ ವಾರ, ಒಂದು ರಾತ್ರಿ ಮಂಗಳೂರಿನ ದೊಡ್ಡ ಹೋಟೆಲಿನಲ್ಲಿ, ಎರಡು ರಾತ್ರಿ ಉಡುಪಿ ಜಿಲ್ಲೆಯ ಕಡಲ ಬದಿಯ ರೆಸಾರ್ಟಿನಲ್ಲಿ ತಂಗುವ ಏರ್ಪಾಡು ಮಾಡಿದ್ದೆ. ಮುಂಬೈಯಿಂದ ಅಣ್ಣ ಅತ್ತಿಗೆ ರಾತ್ರಿಯ ವಿಮಾನದಲ್ಲಿ ಬಜಪೆಗೆ ಬರುವವರಿದ್ದರು, ಆ ಹೊತ್ತಿಗೆ ಅವರನ್ನು ಮತ್ತೆ ಒಂದೂವರೆ ಗಂಟೆ ಕಾರಿನಲ್ಲಿ ಕೂರಿಸುವುದು ಬೇಡವೆಂದು ಮೊದಲ ರಾತ್ರಿ ನಗರದಲ್ಲೇ ಉಳಿಯುವುದೆಂದು ನಿಶ್ಚಯಿಸಿದೆವು. ಎರಡೂ ಕಡೆ ಪೆಟ್ಟು ತಿಂದೆವು. ಅದರಲ್ಲಿ ಅರ್ಧ ತಪ್ಪು ನನ್ನದೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಗರದ ಹೋಟೆಲಿನ ದೂರು ಒಂದೇ. ರೂಮು ಚೊಕ್ಕಟವಾಗಿತ್ತು, ಸಿಬ್ಬಂದಿ ಮರ್ಯಾದಸ್ಥರು. ಆದರೆ ನಮ್ಮ ರೂಮಿನ ಕೆಳಗಿನ ಮಹಡಿಯಲ್ಲಿ ಸಭಾಂಗಣವಿತ್ತು, ಅಲ್ಲಿ ಅಂದು ಯಾರದೋ ಮೆಹಂದಿ. ಮೇ ಎಂದರೆ ನಮ್ಮಲ್ಲಿ ಮದುವೆಗಳ ಸುಗ್ಗಿ ಎಂಬುದು ಬುಕಿಂಗ್ ಮಾಡುವಾಗ ನನ್ನ ತಲೆಗೆ ಹೊಳೆಯಲಿಲ್ಲ. ಡಿಜೆಯ ಸದ್ದಿಗೆ ಮೇಜಿನ ಮೇಲಿನ ನೀರಿನ ಲೋಟ ನಡುಗುತ್ತಿತ್ತು. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಹಾಕುವಂತಿಲ್ಲವಲ್ಲ ಎಂದು ಕೇಳಿದ್ದಕ್ಕೆ, ಮುಚ್ಚಿದ ಸಭಾಂಗಣಕ್ಕೆ ಆ ನಿಯಮದಲ್ಲಿ ವಿನಾಯಿತಿ ಉಂಟು ಎಂಬ ಉತ್ತರ ಬಂತು. ನಿಯಮ ಇರುವುದೂ ಹಾಗೆಯೇ. ಆ ದಿನ ಹಾಲ್ ಬುಕ್ ಆಗಿದೆಯೇ ಎಂದು ಮುಂಚಿತವಾಗಿ ಒಂದು ಫೋನ್ ಮಾಡಿದ್ದರೆ ಬೇರೆ ಮಹಡಿಯನ್ನಾದರೂ ಕೇಳಬಹುದಿತ್ತು.

ನಿಜವಾದ ಕಥೆ ರೆಸಾರ್ಟಿನದು. ಆ್ಯಪ್‌ನಲ್ಲಿ ಐದು ನಕ್ಷತ್ರ, ‘ಸೀ ಫೇಸಿಂಗ್ ಪ್ರೀಮಿಯಂ’ ಎಂಬ ಹೆಸರು, ಈಜುಕೊಳದ ಅಂಚಿಗೇ ಸಮುದ್ರ ತಾಗಿದಂತೆ ತೋರುವ ಫೋಟೋ, ಜೊತೆಗೆ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಾನವೂ ಸೇರಿದ ಪ್ಯಾಕೇಜು. ರೂಮಿಗೆ ದಿನಕ್ಕೆ 7,800 ರೂಪಾಯಿ ಎಂದು ಕಂಡದ್ದು ಹಣ ಕಟ್ಟುವ ಕೊನೆಯ ಪುಟದಲ್ಲಿ 9,204 ಆಯಿತು. ದಿನದ ಬಾಡಿಗೆ 7,500 ರೂಪಾಯಿ ದಾಟಿದ ರೂಮಿಗೆ ಶೇ. 18ರಷ್ಟು ಜಿಎಸ್‌ಟಿ ಬೀಳುತ್ತದೆ, ಅದರೊಳಗಿದ್ದರೆ ಈಗ ಶೇ. 5 ಮಾತ್ರ. ಅಂದರೆ ಮುನ್ನೂರು ರೂಪಾಯಿ ಹೆಚ್ಚಿನ ರೂಮನ್ನು ಆರಿಸಿದ್ದಕ್ಕೆ ನಾನು ತೆತ್ತದ್ದು ಮುನ್ನೂರಲ್ಲ, ಸಾವಿರದ ಮುನ್ನೂರ ಇಪ್ಪತ್ತೊಂಬತ್ತು. ಎರಡು ರೂಮು, ಎರಡು ರಾತ್ರಿ, ಒಟ್ಟು 36,816 ರೂಪಾಯಿ. ರದ್ದು ಮಾಡಿದರೆ ಚಿಕ್ಕಾಸೂ ವಾಪಸಿಲ್ಲ ಎಂಬ ಷರತ್ತಿಗೂ ಒಪ್ಪಿಗೆ ಒತ್ತಿದ್ದೆ.

ರೂಮಿನ ಪರದೆ ಸರಿಸಿದ ಅಮ್ಮ, “ಎಲ್ಲಿ ಉಂಟು ಮಗ ಕಡಲು?” ಎಂದು ಕೇಳಿದರು. ಬಾಲ್ಕನಿಯ ಎಡ ಮೂಲೆಗೆ ಒತ್ತಿಕೊಂಡು ನಿಂತು ಕತ್ತು ಹೊರಳಿಸಿದರೆ, ಎರಡು ತೆಂಗಿನ ಮರಗಳ ನಡುವೆ, ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಮೇಲ್ಗಡೆ, ಕರವಸ್ತ್ರದಗಲದ ಒಂದು ನೀಲಿ ತುಂಡು ಕಾಣುತ್ತಿತ್ತು. ರಿಸೆಪ್ಷನ್‌ನ ಹುಡುಗನ ವಾದವೇ ಬೇರೆ: “ಬಾಲ್ಕನಿ ಪಶ್ಚಿಮಕ್ಕೇ ಮುಖ ಮಾಡಿದೆ ಸರ್, ಫೇಸಿಂಗ್ ಅಂದರೆ ಅಷ್ಟೇ.” ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಯಾರೋ ಕಲಿಸಿಕೊಟ್ಟ ಮಾತದು.

ಹೋಗಲಿ, ಮರಳಿಗಾದರೂ ಇಳಿಯೋಣವೆಂದರೆ ರೆಸಾರ್ಟಿಗೂ ಕಡಲಿಗೂ ನಡುವೆ ಮೀನುಗಾರಿಕಾ ರಸ್ತೆ, ಅದರಾಚೆ ಕಡಲ್ಕೊರೆತ ತಡೆಯಲು ಪೇರಿಸಿದ ಕರಿ ಬಂಡೆಗಳ ತಡೆಗೋಡೆ. ಒಂದೊಂದು ಬಂಡೆಯೂ ಆಳೆತ್ತರ, ಸಂದುಗಳಲ್ಲಿ ಪಾಚಿ ಮತ್ತು ಹರಿದ ಬಲೆ. ಮಂಡಿನೋವಿನ ಅಮ್ಮ ರಸ್ತೆಯ ಬದಿಯಲ್ಲೇ ನಿಂತು ಅಲೆಯ ಸದ್ದು ಕೇಳಿಸಿಕೊಂಡು ಹಿಂದಿರುಗಿದರು. ಇದು ರೆಸಾರ್ಟಿನವರು ಕಟ್ಟಿದ ಗೋಡೆಯಲ್ಲ, ನಮ್ಮ ಕರಾವಳಿಯ ಎಷ್ಟೋ ಊರುಗಳ ಪಾಡೇ ಇದು. ಆದರೆ ‘ಬೀಚ್‌ಗೆ ಒಂದು ನಿಮಿಷದ ನಡಿಗೆ’ ಎಂದು ಬರೆದವರಿಗೆ ಗೋಡೆ ಇರುವುದು ಗೊತ್ತಿಲ್ಲದೆ ಇರಲಿಲ್ಲ. ಮನೆಗೆ ಬಂದ ಮೇಲೆ ಗೂಗಲ್ ಮ್ಯಾಪ್‌ನ ಉಪಗ್ರಹ ಚಿತ್ರ ತೆರೆದು ನೋಡಿದೆ: ರಸ್ತೆಗೂ ನೊರೆಗೂ ನಡುವೆ ಉದ್ದಕ್ಕೂ ಎಳೆದ ಕಪ್ಪು ಗೆರೆ ಸ್ಪಷ್ಟವಾಗಿತ್ತು. ಮರಳಿದ್ದಲ್ಲಿ ಅದು ತಿಳಿ ಬಣ್ಣದ ಅಗಲ ಪಟ್ಟಿಯಾಗಿ ಕಾಣುತ್ತದೆ. ಬುಕ್ ಮಾಡುವ ಮೊದಲು ಎರಡು ನಿಮಿಷ ಇದನ್ನು ನೋಡಿದ್ದರೆ ಸಾಕಿತ್ತು.

ದ್ವೀಪದ ವಿಷಯ ಹೇಳಲು ನಾಚಿಕೆಯಾಗುತ್ತದೆ. ಮಳೆಗಾಲ ಹತ್ತಿರವಾದಂತೆ ಕಡಲು ಒರಟಾಗುತ್ತದೆ, ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳು ನಿಲ್ಲುತ್ತವೆ. ಉಡುಪಿಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿದ್ದೂ, ಪ್ಯಾಕೇಜಿನಲ್ಲಿ ಬರೆದಿದ್ದಾರಲ್ಲ ಎಂದು ನಂಬಿದೆ. ಆ ವಾರ ದೋಣಿ ಇರಲಿಲ್ಲ. ಇರುವುದಿಲ್ಲವೆಂದು ಹಣ ಪಡೆಯುವಾಗ ಯಾರೂ ಹೇಳಲೂ ಇಲ್ಲ. ಬದಲಿಗೆ ಕೊಟ್ಟದ್ದು ತಲಾ ಒಂದು ಲೋಟ ಮಾಕ್‌ಟೇಲ್.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜ್ವರ ಬಂದಂತಾದ ಅಪ್ಪನಿಗೆ ಕುಚ್ಚಲಕ್ಕಿ ಗಂಜಿ ಕೇಳಿದರೆ, ಕರಾವಳಿಯ ನಟ್ಟನಡುವಿನ ಆ ಅಡುಗೆಮನೆಯಲ್ಲಿ ಕುಚ್ಚಲಕ್ಕಿಯೇ ಇರಲಿಲ್ಲ. ಬಿಲ್ಲಿನಲ್ಲಿ ಮಾತ್ರ ಶೇ. 10ರಷ್ಟು ಸೇವಾ ಶುಲ್ಕ ತಾನಾಗಿಯೇ ಸೇರಿತ್ತು. ಹಾಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಮಾರ್ಗಸೂಚಿ ಹೊರಡಿಸಿದೆ ಎಂದು ಹೇಳಿದೊಡನೆ ತೆಗೆದರು. ಅಷ್ಟು ಬೇಗ ತೆಗೆದದ್ದನ್ನು ನೋಡಿದರೆ ಹೇಳಿದವರಲ್ಲಿ ನಾನು ಮೊದಲಿಗನಲ್ಲ ಅನ್ನಿಸಿತು.

ಐದು ನಕ್ಷತ್ರದ ಗುಟ್ಟು ಆಮೇಲೆ ತಿಳಿಯಿತು. ಹೋಟೆಲುಗಳಿಗೆ ಅಧಿಕೃತವಾಗಿ ನಕ್ಷತ್ರ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಆ ಮಾನ್ಯತೆಗೆ ಐದು ವರ್ಷದ ಅವಧಿ, ಬೇಕಾದವರು ಮಾತ್ರ ಅರ್ಜಿ ಹಾಕುತ್ತಾರೆ. ಆ್ಯಪ್‌ನಲ್ಲಿ ಮಿನುಗುವ ನಕ್ಷತ್ರಗಳಿಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಪ್ರಮಾಣಪತ್ರ ಎಲ್ಲಿದೆ ಎಂದು ಮ್ಯಾನೇಜರರನ್ನು ಕೇಳಿದಾಗ ಅವರು ಗೋಡೆಯ ಮೇಲಿನ ಒಂದು ಫಲಕ ತೋರಿಸಿದರು. ಅದು ಬುಕಿಂಗ್ ಆ್ಯಪ್‌ನವರೇ ಕೊಟ್ಟದ್ದು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಜಾಹೀರಾತು ಪುಟದ ಸ್ಕ್ರೀನ್‌ಶಾಟ್ ಮತ್ತು ಬಾಲ್ಕನಿಯಿಂದ ತೆಗೆದ ಫೋಟೋ ಎರಡನ್ನೂ ಜೋಡಿಸಿ ದೂರು ಕೊಟ್ಟೆ. ನಾನು ಅಲ್ಲಿಂದ ಹೊರಟ ವಾರದಲ್ಲೇ ಆ ಪುಟದಿಂದ ದ್ವೀಪದ ಸಾಲು ಮಾಯವಾಗಿತ್ತು, ಸ್ಕ್ರೀನ್‌ಶಾಟ್ ಇಲ್ಲದಿದ್ದರೆ ನನ್ನ ಮಾತಿಗೆ ಆಧಾರವೇ ಉಳಿಯುತ್ತಿರಲಿಲ್ಲ. ಮೂರು ವಾರದ ಬಳಿಕ ದೋಣಿಯಾನದ ಬಾಬ್ತು ಎರಡು ಸಾವಿರ ರೂಪಾಯಿ ಖಾತೆಗೆ ಬಂತು. ಕಡಲಿನ ಬಾಬ್ತು ಏನೂ ಬಂದಿಲ್ಲ; ಬಾಲ್ಕನಿ ಪಶ್ಚಿಮಕ್ಕೇ ಇದೆ ಎಂಬ ಅದೇ ಉತ್ತರ, ಈ ಸಲ ಲೆಟರ್‌ಹೆಡ್‌ನಲ್ಲಿ.