ಕೋಡ್ 10ರ ಹಿಂದೆ 11 ದಿನ: ಡ್ರೈವರ್ ದೋಷಕ್ಕೆ ನಾನು ತುಳಿದ ದಾರಿಗಳು

ವಿಂಡೋಸ್ 10ರಿಂದ 11ಕ್ಕೆ ಏರಿದ ಮರುದಿನ ಬೆಳಿಗ್ಗೆ ನನ್ನ ಡೆಸ್ಕ್‌ಟಾಪಿನ ನೆಟ್‌ವರ್ಕ್ ಕಾರ್ಡ್ ಏಳಲೇ ಇಲ್ಲ. ಕಂಪ್ಯೂಟರಿನ ಸಾಧನಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೆಸರಿನ ಮೇಲೆ ಹಳದಿ ತ್ರಿಕೋನ ಕಾಣುತ್ತಿತ್ತು. ತೆರೆದರೆ ಸಾಧನವನ್ನು ಪ್ರಾರಂಭಿಸಲಾಗುತ್ತಿಲ್ಲ, ಕೋಡ್ 10 ಎಂಬ ಒಂದೇ ಸಾಲು. ಆ ತ್ರಿಕೋನ ಹೋಗಲು 11 ದಿನ ಬೇಕಾಯಿತು. ಎಲ್ಲರೂ ಸೂಚಿಸುವ ದಾರಿಗಳನ್ನು ಒಂದೊಂದಾಗಿ ತುಳಿದು, ಯಾವುದು ಎಷ್ಟು ಸಮಯ ತಿಂದಿತು, ಬದಲಿಗೆ ಏನು ಕೊಟ್ಟಿತು ಎಂದು ದಿನವೂ ಬರೆದಿಟ್ಟೆ.

ಮೊದಲು ಈ ಸಂಖ್ಯೆಯ ಸ್ವಭಾವ ತಿಳಿದಿರಬೇಕು. ಕೋಡ್ 28 ಎಂದರೆ ಡ್ರೈವರ್, ಅಂದರೆ ಸಾಧನವನ್ನು ವಿಂಡೋಸ್ ಜೊತೆ ಮಾತನಾಡಿಸುವ ತಂತ್ರಾಂಶ, ಹಾಕಿಲ್ಲ. 39 ಎಂದರೆ ಡ್ರೈವರ್ ಕಡತ ಕೆಟ್ಟಿದೆ ಅಥವಾ ಕಾಣೆಯಾಗಿದೆ. 52 ಎಂದರೆ ಡ್ರೈವರಿನ ಡಿಜಿಟಲ್ ಸಹಿಯನ್ನು ಪರಿಶೀಲಿಸಲಾಗಿಲ್ಲ. ಇವೆಲ್ಲ ಬೆರಳು ತೋರಿಸಿ ಹೇಳುವ ದೋಷಗಳು. ಕೋಡ್ 10 ಹಾಗಲ್ಲ. ಕಾರ್ಡ್ ಸತ್ತಿದ್ದರೂ 10, ಡ್ರೈವರ್ ಹೊಂದಿಕೆಯಾಗದಿದ್ದರೂ 10. ಆದ್ದರಿಂದ ಪ್ರತಿಯೊಂದು ದಾರಿಯನ್ನೂ ಎರಡು ಪ್ರಶ್ನೆಗಳಿಂದ ಅಳೆದೆ: ದೋಷ ಹೋಯಿತೇ? ಹೋಗದಿದ್ದರೆ, ಕಾರಣದ ಬಗ್ಗೆ ಏನಾದರೂ ತಿಳಿಯಿತೇ? ಎರಡನೆಯ ಪ್ರಶ್ನೆಯೇ ದೊಡ್ಡದು ಎಂಬುದು ನನಗೆ ತಡವಾಗಿ ಹೊಳೆಯಿತು.

ನನ್ನ ಮೊದಲ ಎರಡು ದಿನಗಳ ಫಲಿತಾಂಶಗಳನ್ನು ನಾನೇ ತಳ್ಳಿಹಾಕಬೇಕಾಯಿತು. ಪ್ರತಿ ಪ್ರಯತ್ನದ ನಂತರ ಕಂಪ್ಯೂಟರನ್ನು ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುತ್ತಿದ್ದೆ. 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ, ಶಟ್‌ಡೌನ್ ಆದಾಗ ವ್ಯವಸ್ಥೆಯ ತಿರುಳು ಮತ್ತು ಅದರೊಂದಿಗೆ ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದುಕೊಂಡು, ಆನ್ ಮಾಡಿದಾಗ ಹಾಗೆಯೇ ಮರಳುತ್ತವೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಪರೀಕ್ಷೆಗೆ ಯಾವಾಗಲೂ ರೀಸ್ಟಾರ್ಟನ್ನೇ ಬಳಸಿ. ಇನ್ನೊಂದು ಮಾತು: ಕಂಪ್ಯೂಟರ್ ಆಫ್ ಆಗಿದ್ದರೂ ನೆಟ್‌ವರ್ಕ್ ಕಾರ್ಡಿಗೆ ಸ್ಟ್ಯಾಂಡ್‌ಬೈ ವಿದ್ಯುತ್ ಹರಿಯುತ್ತಿರಬಹುದು. ವಿದ್ಯುತ್ ವೈರನ್ನೇ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದರೆ ಸಿಕ್ಕಿಹಾಕಿಕೊಂಡ ಚಿಪ್ ಕೆಲವೊಮ್ಮೆ ತಾನಾಗಿ ಸರಿಹೋಗುತ್ತದೆ. ನನ್ನದು ಹೋಗಲಿಲ್ಲ. ಆದರೂ ಖರ್ಚಿಲ್ಲದ ಈ ಎರಡು ನಿಮಿಷದ ಕೆಲಸವನ್ನು ಮೊದಲೇ ಮಾಡಿ ಮುಗಿಸಬೇಕು.

ಡಿವೈಸ್ ಮ್ಯಾನೇಜರಿನ ಸ್ವಯಂಚಾಲಿತ ಹುಡುಕಾಟ ಅತ್ಯಂತ ಸುಲಭ. ಒಂದೇ ನಿಮಿಷದಲ್ಲಿ ಉತ್ತರ ಬಂತು: ನಿಮ್ಮ ಸಾಧನಕ್ಕೆ ಅತ್ಯುತ್ತಮ ಡ್ರೈವರ್ ಈಗಾಗಲೇ ಇದೆ. ಆಗ ಆ ಮಾತು ನನಗೆ ಸಿಟ್ಟು ತರಿಸಿತು. ಏಳದ ಕಾರ್ಡಿನ ಡ್ರೈವರ್ ಅತ್ಯುತ್ತಮ ಆಗುವುದು ಹೇಗೆ? ಇಡೀ ಪ್ರಕರಣದ ಕೀಲಿ ಆ ಒಂದು ವಾಕ್ಯದಲ್ಲೇ ಇತ್ತು. ನಾನು ಅದನ್ನು ದಾಟಿ ಮುಂದೆ ಹೋದೆ.

ಎಲ್ಲ ಡ್ರೈವರುಗಳನ್ನೂ ತಾನೇ ನವೀಕರಿಸುತ್ತೇನೆ ಎನ್ನುವ ಹೊರಗಿನ ತಂತ್ರಾಂಶವನ್ನು ಮೊಬೈಲಿನ ಇಂಟರ್ನೆಟ್ಟನ್ನು ಯುಎಸ್‌ಬಿ ಮೂಲಕ ಹಂಚಿಕೊಂಡು ಇಳಿಸಿದೆ. ಅದು 17 ಡ್ರೈವರುಗಳನ್ನು ಕೆಂಪಕ್ಷರದಲ್ಲಿ ತೋರಿಸಿತು. ನಿಜವಾಗಿ ಕೆಟ್ಟಿದ್ದ ನೆಟ್‌ವರ್ಕ್ ಕಾರ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಧ್ವನಿಯ ಡ್ರೈವರನ್ನು ಬದಲಿಸಿ ಮೈಕನ್ನು ಮೌನವಾಗಿಸಿತು, ಅದನ್ನು ಸರಿಪಡಿಸಲು ಇನ್ನೊಂದು ಸಂಜೆ ಹೋಯಿತು. ದೋಷ ಹೋಗಲಿಲ್ಲ, ಏನೂ ತಿಳಿಯಲಿಲ್ಲ, ಮೇಲೆ ಹೊಸ ದೋಷವೊಂದು ಸೇರಿತು. ಈ ದಾರಿಯನ್ನು ಯಾರಿಗೂ ಹೇಳಲಾರೆ.

ನಂತರ ಕಾರ್ಡಿನ ಚಿಪ್ ತಯಾರಕರ ತಾಣದಿಂದ ಹೊಸ ಡ್ರೈವರ್ ಪ್ಯಾಕೇಜು ತಂದು ಹಾಕಿದೆ. ಅನುಸ್ಥಾಪನೆ ಯಶಸ್ವಿ ಎಂದಿತು. ರೀಸ್ಟಾರ್ಟ್ ಮಾಡಿದರೆ ಮತ್ತೆ ಕೋಡ್ 10. ಆದರೆ ಈ ಬಾರಿ ಡ್ರೈವರ್ ಟ್ಯಾಬಿನಲ್ಲಿ ದಿನಾಂಕ ಮತ್ತು ಆವೃತ್ತಿಯನ್ನು ನೋಡಿದೆ. ಎರಡೂ ಹಳೆಯವೇ. ಹಾಕಿದ್ದು ಒಂದು, ನಡೆಯುತ್ತಿದ್ದುದು ಇನ್ನೊಂದು. ಯಾವ ಡ್ರೈವರ್ ಹಾಕಿದ ಮೇಲೂ ಆ ಎರಡು ಸಾಲುಗಳನ್ನು ಓದದೆ ಪ್ರಯತ್ನ ವಿಫಲವಾಯಿತು ಎಂದು ತೀರ್ಮಾನಿಸಬಾರದು. ಎಷ್ಟೋ ಸಲ ಪ್ರಯತ್ನ ನಡೆದೇ ಇರುವುದಿಲ್ಲ.

ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡುವುದು ಬಹಳ ಜನ ನಂಬುವ ದಾರಿ. ಅಲ್ಲಿ ಒಂದು ಚಿಕ್ಕ ಚೌಕವಿದೆ: ಡ್ರೈವರ್ ತಂತ್ರಾಂಶವನ್ನೂ ತೆಗೆದುಹಾಕು ಎಂಬುದು. ಗುರುತು ಹಾಕದಿದ್ದರೆ ಹೋಗುವುದು ಸಾಧನದ ದಾಖಲೆ ಮಾತ್ರ. ಪ್ಯಾಕೇಜು ಡ್ರೈವರ್ ಸ್ಟೋರ್ ಎಂಬ ಉಗ್ರಾಣದಲ್ಲಿ ಉಳಿದು, ರೀಸ್ಟಾರ್ಟ್ ಆದೊಡನೆ ಮರಳಿ ಬಂದು ಕೂರುತ್ತದೆ. ಗುರುತು ಹಾಕಿಯೂ ನೋಡಿದೆ. ಆಗ ಆವೃತ್ತಿ ಬದಲಾಯಿತು, ಆದರೆ ಇನ್ನಷ್ಟು ಹಳೆಯದಕ್ಕೆ. ತ್ರಿಕೋನ ಅಲ್ಲೇ ಇತ್ತು. ಉಗ್ರಾಣದಲ್ಲಿ ಒಂದಕ್ಕಿಂತ ಹೆಚ್ಚು ಪ್ಯಾಕೇಜುಗಳಿವೆ ಎಂಬ ಅನುಮಾನ ಹುಟ್ಟಿದ್ದು ಅಲ್ಲಿ.

ಈ ಹಂತದಲ್ಲಿ ವಿಂಡೋಸನ್ನು ರೀಸೆಟ್ ಮಾಡಿಬಿಡು ಎಂದು ಮನಸ್ಸು ಹೇಳುತ್ತಿತ್ತು. ಕೆಲವು ವರ್ಷಗಳ ಹಿಂದೆ ಇನ್ನೊಂದು ಕಂಪ್ಯೂಟರಿನಲ್ಲಿ ಇದೇ ಕೋಡ್ 10 ಬಂದಾಗ ಹಾಗೆಯೇ ಮಾಡಿದ್ದೆ. ಎರಡು ದಿನ ಕೂತು ಎಲ್ಲವನ್ನೂ ಮತ್ತೆ ಹಾಕಿದೆ, ಮೂರನೆಯ ದಿನ ಅದೇ ತ್ರಿಕೋನ ಎದುರಾಯಿತು. ಅಲ್ಲಿ ಕಾರ್ಡೇ ಸತ್ತಿತ್ತು. ರೀಸೆಟ್ ಕೆಟ್ಟ ದಾರಿ ಎಂದು ನಾನು ಹೇಳುತ್ತಿಲ್ಲ. ಯಂತ್ರಾಂಶ ಸರಿಯಿದೆ ಎಂದು ಖಚಿತವಾಗುವ ಮೊದಲು ಅದನ್ನು ಹಿಡಿಯುವುದು ತಪ್ಪು.

ಖಚಿತಪಡಿಸಿಕೊಳ್ಳಲು ವಿಂಡೋಸಿನ ಬದಲು ಬಳಸಬಹುದಾದ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ, ಲಿನಕ್ಸ್, ಬೇಕಾಯಿತು. ಪೆನ್ ಡ್ರೈವಿಗೆ ಲಿನಕ್ಸ್ ಬರೆದು, ಡಿಸ್ಕಿಗೆ ಏನನ್ನೂ ಹಾಕದೆ ಅದರಿಂದಲೇ ಬೂಟ್ ಮಾಡಿದೆ. ಎಲ್‌ಎಸ್‌ಪಿಸಿಐ ಆಜ್ಞೆ ಕಾರ್ಡಿನ ಹೆಸರನ್ನೂ ಅದಕ್ಕೆ ಹೊಂದಿಕೊಂಡ ಡ್ರೈವರನ್ನೂ ತೋರಿಸಿತು. ಕೇಬಲ್ ಸಿಕ್ಕಿಸಿದೊಡನೆ ಸಂಪರ್ಕ ಬಂತು. ಎರಡು ಗಂಟೆ ದೊಡ್ಡ ಕಡತಗಳನ್ನು ಇಳಿಸುತ್ತಾ ಕೂತೆ, ಒಮ್ಮೆಯೂ ಕಡಿಯಲಿಲ್ಲ. ಕಾರ್ಡ್, ಸ್ಲಾಟ್, ಕೇಬಲ್ ಮೂರೂ ನಿರಪರಾಧಿಗಳು. ಐದು ದಿನಗಳ ನಂತರ ಮೊದಲ ಬಾರಿಗೆ ಒಂದು ಸಂಗತಿ ನನಗೆ ನಿಶ್ಚಯವಾಗಿ ತಿಳಿಯಿತು, ಆ ರಾತ್ರಿ ನೆಮ್ಮದಿಯಾಗಿ ನಿದ್ರೆ ಬಂತು. ಆದರೆ ಇದರ ಉಲ್ಟಾ ತರ್ಕ ನಡೆಯುವುದಿಲ್ಲ. ಕೆಲವು ಕಾರ್ಡುಗಳಿಗೆ ತಮ್ಮೊಳಗೇ ಓಡಿಸಲು ಬೇಕಾದ ಫರ್ಮ್‌ವೇರ್ ಕಡತ ಆ ಪೆನ್ ಡ್ರೈವಿನಲ್ಲಿ ಇರದೇ ಹೋಗಬಹುದು. ಲಿನಕ್ಸಿನಲ್ಲಿ ಏಳಲಿಲ್ಲ ಎಂದ ಮಾತ್ರಕ್ಕೆ ಕಾರ್ಡನ್ನು ಎಸೆಯಬೇಡಿ.

ಇನ್ನು ಉಳಿದದ್ದು ವಿಂಡೋಸ್ ಈ ಡ್ರೈವರನ್ನೇ ಏಕೆ ಆರಿಸುತ್ತದೆ ಎಂಬ ಪ್ರಶ್ನೆ. ವಿಂಡೋಸ್ ಫೋಲ್ಡರಿನೊಳಗಿನ ಐಎನ್‌ಎಫ್ ಫೋಲ್ಡರಿನಲ್ಲಿ ಸೆಟಪ್‌ಎಪಿಐ ಡಾಟ್ ಡೆವ್ ಡಾಟ್ ಲಾಗ್ ಎಂಬ ಪಠ್ಯ ಕಡತವಿದೆ. ಉದ್ದವಾದದ್ದು, ಒರಟಾದದ್ದು, ಆದರೆ ಅದರಲ್ಲಿರುವುದೆಲ್ಲ ನಡೆದ ಸಂಗತಿ. ಕಾರ್ಡಿಗೆ ಯಾವ ಯಾವ ಪ್ಯಾಕೇಜುಗಳು ಅಭ್ಯರ್ಥಿಗಳಾಗಿದ್ದವು, ಯಾವುದಕ್ಕೆ ಎಷ್ಟು ರ‍್ಯಾಂಕ್ ಸಿಕ್ಕಿತು, ಯಾವುದು ಆಯ್ಕೆಯಾಯಿತು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಕಡಿಮೆ ಸಂಖ್ಯೆಯ ರ‍್ಯಾಂಕ್ ಗೆಲ್ಲುತ್ತದೆ. ಪ್ರತಿ ಕಾರ್ಡಿಗೂ ಒಂದು ಗುರುತು ಇರುತ್ತದೆ: ಚಿಪ್ ಯಾರದು, ಯಾವ ಮಾದರಿ ಎಂಬುದರ ಜೊತೆಗೆ ಆ ಚಿಪ್ಪನ್ನು ಬಳಸಿ ಕಾರ್ಡ್ ಮಾಡಿದವರು ಯಾರು ಎಂಬ ಭಾಗವೂ ಅದರಲ್ಲಿದೆ. ಗುರುತಿನ ಹೆಚ್ಚು ಭಾಗ ಹೊಂದಿದ ಪ್ಯಾಕೇಜಿಗೆ ಆದ್ಯತೆ. ರ‍್ಯಾಂಕ್ ಸಮವಾದಾಗ ಮಾತ್ರ ದಿನಾಂಕ, ಅದೂ ಸಮವಾದರೆ ಆವೃತ್ತಿ.

ನನ್ನ ಉಗ್ರಾಣದಲ್ಲಿ ಕಾರ್ಡ್ ತಯಾರಕರ ಹಳೆಯ ಪ್ಯಾಕೇಜುಗಳು ಉಳಿದಿದ್ದವು. ಅವು ಕಾರ್ಡಿನ ಪೂರ್ಣ ಗುರುತನ್ನು ಹೆಸರಿಸಿದ್ದವು. ನಾನು ತಂದ ಚಿಪ್ ತಯಾರಕರ ಹೊಸ ಪ್ಯಾಕೇಜು ಚಿಪ್ಪಿನ ಮಾದರಿಯನ್ನಷ್ಟೇ ಹೆಸರಿಸಿತ್ತು. ಆದ್ದರಿಂದ ಎಷ್ಟು ಹೊಸದಾದರೂ ಅದು ಸೋಲುತ್ತಲೇ ಇತ್ತು. ವಿಂಡೋಸ್ ತನ್ನ ನಿಯಮದಂತೆ ಸರಿಯಾಗಿಯೇ ನಡೆದುಕೊಂಡಿತ್ತು. ಅತ್ಯುತ್ತಮ ಎಂಬ ಪದಕ್ಕೆ ಅಲ್ಲಿ ಅತಿ ಹೆಚ್ಚು ಹೊಂದುವುದು ಎಂಬ ಅರ್ಥ, ಚೆನ್ನಾಗಿ ಕೆಲಸ ಮಾಡುವುದು ಎಂಬ ಅರ್ಥವಲ್ಲ.

ಇಷ್ಟು ತಿಳಿದ ಮೇಲೆ ಎರಡು ಪರಿಹಾರಗಳು ಕಂಡವು, ಎರಡನ್ನೂ ಮಾಡಿ ನೋಡಿದೆ. ಮೊದಲನೆಯದು, ಡಿವೈಸ್ ಮ್ಯಾನೇಜರಿನಲ್ಲಿ ಹುಡುಕಲು ಬಿಡದೆ, ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ಆಯ್ಕೆ ಹಿಡಿದು ಹೊಸ ಡ್ರೈವರನ್ನು ಕೈಯಾರೆ ಸೂಚಿಸುವುದು. ಐದು ನಿಮಿಷದಲ್ಲಿ ತ್ರಿಕೋನ ಹೋಯಿತು, ಕುಣಿಯುವಷ್ಟು ಸಂತೋಷವಾಯಿತು. ಆದರೆ ಪರೀಕ್ಷೆಗೆಂದು ಸಾಧನವನ್ನು ತೆಗೆದು ಮತ್ತೆ ಗುರುತಿಸಲು ಬಿಟ್ಟಾಗ ಹಳೆಯದೇ ಬಂದು ಕೂತಿತು. ಬೇರು ಉಳಿದಿತ್ತು.

ಎರಡನೆಯದು ಪಿಎನ್‌ಪಿಯುಟಿಲ್. ಡ್ರೈವರ್ ಉಗ್ರಾಣವನ್ನು ನಿರ್ವಹಿಸಲು ವಿಂಡೋಸಿನಲ್ಲೇ ಇರುವ ಈ ತಂತ್ರಾಂಶವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ನಡೆಸಬೇಕು. ಎನಮ್ ಡ್ರೈವರ್ಸ್ ಎಂದರೆ ಉಗ್ರಾಣದಲ್ಲಿರುವ, ವಿಂಡೋಸಿನ ಜೊತೆ ಬಾರದೆ ಹೊರಗಿನಿಂದ ಸೇರಿದ ಪ್ಯಾಕೇಜುಗಳ ಪಟ್ಟಿ ಬರುತ್ತದೆ; ಪ್ರತಿಯೊಂದಕ್ಕೂ ಒಇಎಂ ಎಂದು ಶುರುವಾಗುವ ಸಂಖ್ಯೆ, ಒದಗಿಸಿದವರ ಹೆಸರು, ವರ್ಗ, ದಿನಾಂಕ, ಆವೃತ್ತಿ ಇರುತ್ತವೆ. ನನ್ನ ಕಾರ್ಡಿಗೆ ಸೇರಿದ ಹಳೆಯ ಪ್ಯಾಕೇಜುಗಳು ಇನ್ನೂ ಎರಡು ಇದ್ದವು. ಎಕ್ಸ್‌ಪೋರ್ಟ್ ಡ್ರೈವರ್ ಆಜ್ಞೆಯಿಂದ ಎರಡನ್ನೂ ಪೆನ್ ಡ್ರೈವಿಗೆ ನಕಲು ಮಾಡಿಟ್ಟು, ಡಿಲೀಟ್ ಡ್ರೈವರ್ ಆಜ್ಞೆಗೆ ಅನ್‌ಇನ್‌ಸ್ಟಾಲ್ ಎಂಬ ಸೂಚನೆ ಸೇರಿಸಿ ಒಂದೊಂದಾಗಿ ಅಳಿಸಿದೆ. ಸಂಖ್ಯೆಯನ್ನು ಎರಡು ಸಲ ಓದಿ ಟೈಪ್ ಮಾಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಅದೇ ಪಟ್ಟಿಯಲ್ಲಿ ಡಿಸ್ಕ್ ನಿಯಂತ್ರಕದ ಡ್ರೈವರೂ ಇರಬಹುದು, ಅದು ಅಳಿದರೆ ಕಂಪ್ಯೂಟರ್ ಬೂಟ್ ಆಗದೇ ಹೋದೀತು.

ರೀಸ್ಟಾರ್ಟ್ ಮಾಡಿದೆ. ಹೊಸ ಡ್ರೈವರ್ ತಾನಾಗಿ ಬಂದು ಕೂತಿತು, ಯಾರೂ ಆರಿಸಿಕೊಡಬೇಕಾಗಲಿಲ್ಲ. ಸಾಧನವನ್ನು ತೆಗೆದು ಮತ್ತೆ ಗುರುತಿಸಲು ಬಿಟ್ಟರೂ ಅದೇ ಬಂತು. ಲಾಗ್ ಓದಿ ಅರ್ಥ ಮಾಡಿಕೊಳ್ಳಲು ಮೂರು ಸಂಜೆ ಹಿಡಿದಿತ್ತು, ಅಳಿಸಲು ಹತ್ತು ನಿಮಿಷ ಸಾಕಾಯಿತು.

ಇವತ್ತು ಇದೇ ದೋಷ ಬಂದರೆ ಮೊದಲು ವೈರ್ ಕಿತ್ತು ನೋಡುತ್ತೇನೆ, ಆಮೇಲೆ ಲಿನಕ್ಸ್ ಪೆನ್ ಡ್ರೈವ್, ಆಮೇಲೆ ಲಾಗ್, ಕೊನೆಗೆ ಪಿಎನ್‌ಪಿಯುಟಿಲ್. ತುರ್ತಾಗಿ ಒಂದು ಸಂಜೆಗೆ ಇಂಟರ್ನೆಟ್ ಬೇಕಿದ್ದರೆ ಪಟ್ಟಿಯಿಂದ ಆರಿಸುವ ದಾರಿ ಸಾಕು. ಹಳೆಯ ಪ್ಯಾಕೇಜು ಯಾವುದಾದರೂ ಅಪ್‌ಡೇಟ್ ಜೊತೆ ಮತ್ತೆ ನುಸುಳಬಹುದು ಎಂಬ ಅಂಜಿಕೆಯಿಂದ ಪ್ರತಿ ದೊಡ್ಡ ಅಪ್‌ಡೇಟ್ ನಂತರ ಡ್ರೈವರ್ ಟ್ಯಾಬಿನ ಆ ಎರಡು ಸಾಲುಗಳನ್ನು ನೋಡುತ್ತಿದ್ದೇನೆ. ಈವರೆಗೆ ಅವು ಬದಲಾಗಿಲ್ಲ.