ನ್ಯೂವಾರ್ಕ್ ಮುತ್ತಿಗೆ ನಾಣ್ಯದ ರೆಪ್ಲಿಕಾ ಸೆಟ್: ಶೇಪ್ ಓಕೆ, ದಪ್ಪ ಯಾಕಪ್ಪಾ ಇಷ್ಟು?

ಇಂಗ್ಲೆಂಡ್ ಸಿವಿಲ್ ವಾರ್ (ರಾಜನ ಕಡೆಯವರಿಗೂ ಪಾರ್ಲಿಮೆಂಟ್ ಕಡೆಯವರಿಗೂ ನಡೆದ ಯುದ್ಧ) ಟೈಮಲ್ಲಿ ನ್ಯೂವಾರ್ಕ್ ಊರಲ್ಲಿ ಹೊಡೆದ ನಾಣ್ಯಗಳ ರೆಪ್ಲಿಕಾ ಸೆಟ್ ಆನ್‌ಲೈನಲ್ಲಿ ತರಿಸ್ಕೊಂಡೆ, 30, 12, 9, 6 ಪೆನ್ಸ್, ಒಟ್ಟು ನಾಲ್ಕು. ಡಬ್ಬಿ ಸೂಪರ್, ನಾಣ್ಯಕ್ಕಿಂತ ಡಬ್ಬಿನೇ ಚೆನ್ನಾಗಿದೆ ಅಂದ್ರೂ ತಪ್ಪಿಲ್ಲ.

ಆಕಾರ ಕರೆಕ್ಟಾಗಿದೆ, ಕಾಜು ಕಟ್ಲಿ ಥರ. ಒಂದು ಕಡೆ ಕಿರೀಟ, ಅದರ ಅಕ್ಕಪಕ್ಕ ಸಿ, ಆರ್, ಅಂದ್ರೆ ರಾಜ ಚಾರ್ಲ್ಸ್, ಕೆಳಗೆ ರೋಮನ್ ಅಂಕಿಯಲ್ಲಿ ಬೆಲೆ. ಇನ್ನೊಂದು ಕಡೆ ಊರಿನ ಹೆಸರು, 1646. 9 ಪೆನ್ಸ್ ಬಿಡದೆ ಹಾಕಿದಾರಲ್ಲ, ಅದು ಖುಷಿ ಆಯ್ತು, ಯಾಕಂದ್ರೆ ಮಾಮೂಲಿ ಇಂಗ್ಲಿಷ್ ನಾಣ್ಯಗಳಲ್ಲಿ ಆ ಬೆಲೆದು ಇರ್ಲೇ ಇಲ್ಲ.

ಈಗ ಕಂಪ್ಲೇಂಟ್. ಒರಿಜಿನಲ್ ಅಂದ್ರೆ ತೆಳ್ಳಗಿನ ಬೆಳ್ಳಿ ತಗಡು. 1645ರ ಕೊನೆಯಿಂದ ಪಾರ್ಲಿಮೆಂಟ್ ಸೈನ್ಯ, ಸ್ಕಾಟ್ಲೆಂಡ್ ಸೈನ್ಯ ಎರಡೂ ಸೇರಿ ಊರು ಸುತ್ತುವರಿದಿದ್ವು, ಒಳಗಿದ್ದ ರಾಜನ ಸಿಪಾಯಿಗಳಿಗೆ ಸಂಬಳ ಕೊಡೋಕೆ ದುಡ್ಡಿಲ್ಲ, ಹೊರಗಿಂದ ತರೋ ಹಾಗಿಲ್ಲ, ಹಂಗಾಗಿ ಬೆಳ್ಳಿ ತಟ್ಟೆ ಪಾತ್ರೆನೇ ಕತ್ತರಿಸಿ ಅಚ್ಚು ಹೊಡೆದ್ರು. ಓರೆಯಾಗಿ ಸಾಲಾಗಿ ಕತ್ತರಿಸಿದ್ರೆ ಬೆಳ್ಳಿ ಹೆಚ್ಚು ವೇಸ್ಟ್ ಆಗಲ್ಲ, ಅದಕ್ಕೇ ಈ ಶೇಪು. ಕೆಲವು ಒರಿಜಿನಲ್ ಮೇಲೆ ಹಳೇ ಪಾತ್ರೆಯ ಚಿನ್ನದ ಲೇಪ, ಕೆತ್ತನೆ ಗುರುತು ಇವತ್ತಿಗೂ ಕಾಣುತ್ತೆ, ನನಗಂತೂ ಈ ನಾಣ್ಯದ ಮಜಾನೇ ಅದು! ಇವರದ್ದು ಪ್ಯೂಟರ್ (ತವರದ ಮಿಶ್ರಲೋಹ) ಎರಕ, ಬಿಸ್ಕತ್ತಿನಷ್ಟು ದಪ್ಪ, ಅಂಚಲ್ಲಿ ಎರಕದ ಗೆರೆ ಉಗುರಿಗೆ ಸಿಗುತ್ತೆ. ತಟ್ಟೆ ಕತ್ತರಿಸಿ ಮಾಡಿದ್ದು ಅಂತ ಯಾರಿಗೂ ಹೊಳೆಯಲ್ಲ.

ಜೊತೆಗೆ ಬಂದ ಚೀಟಿ ಇನ್ನೂ ಮೋಸ, ಸೈನ್ಯ ಒಳಗೆ ನುಗ್ಗಿ ಊರು ಗೆದ್ದುಬಿಡ್ತು ಅಂತ ಬರೆದಿದಾರೆ. ಹಂಗೇನೂ ಆಗಿಲ್ಲ ಸ್ವಾಮಿ, 1646ರ ಮೇನಲ್ಲಿ ಚಾರ್ಲ್ಸೇ ಪಕ್ಕದ ಸೌತ್‌ವೆಲ್‌ನಲ್ಲಿ ಸ್ಕಾಟ್ಲೆಂಡಿನವರ ಕೈಗೆ ಹೋಗಿ ಸೇರ್ಕೊಂಡ, ಊರು ಬಿಟ್ಟುಕೊಡಿ ಅಂತ ಆರ್ಡರ್ ಕಳಿಸಿದ, ಒಳಗಿದ್ದವರು ಒಪ್ಪಿಸಿದ್ರು.

ಇನ್ನೊಂದು, ನಕಲು ಅನ್ನೋ ಗುರುತು ಎಲ್ಲೂ ಹೊಡೆದಿಲ್ಲ. ನಾಳೆ ಯಾರಾದ್ರೂ ಸ್ವಲ್ಪ ಕಪ್ಪು ಹಿಡಿಸಿ ಅಸಲಿ ಅಂತ ಮಾರಿದ್ರೆ ಗೊತ್ತಿಲ್ಲದವರು ಬಿದ್ದೇ ಬೀಳ್ತಾರೆ.

ಸ್ಕೂಲ್ ಮಕ್ಕಳ ಕೈಗೆ ಕೊಟ್ಟು ತೋರಿಸೋಕೆ ಪರವಾಗಿಲ್ಲ, ಕಲೆಕ್ಷನ್‌ಗೆ ಬೇಡ. 5ಕ್ಕೆ ಎರಡೂವರೆ. ಅದೇ ಸೆಲ್ಲರ್ ಹತ್ರ ಪಾಂಟಿಫ್ರಾಕ್ಟ್ ಕೋಟೆ ಸೆಟ್ಟೂ ಇದೆ, 1649ರಲ್ಲಿ ರಾಜನ ತಲೆ ತೆಗೆದ್ಮೇಲೂ ಸೋಲೊಪ್ಪದೆ ಮಗನ ಹೆಸರಲ್ಲಿ ನಾಣ್ಯ ಹೊಡೆದ ಜನ ಅವರು, ತಗೊಳ್ಳೋಕೆ ಆಸೆ ಏನೋ ಇದೆ, ಅಂಚಿನ ಫೋಟೋ ಕಳಿಸಿ ಅಂತ ಮೆಸೇಜ್ ಹಾಕಿದೀನಿ, ಇನ್ನೂ ರಿಪ್ಲೈ ಇಲ್ಲ.